ಹಿಟ್ಟಿನ ಪಾತ್ರೆ ಇಟ್ಟ ಜಾಗ

ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಹುಳಿ ಬಂದ ಉದ್ದಿನ ಹಿಟ್ಟಿನ ವಾಸನೆ ಬಂತು. ಊರು ಬೋಪಾಲ್, ಮಧ್ಯಪ್ರದೇಶದ್ದಲ್ಲ, ಅಹಮದಾಬಾದಿನ ಪಶ್ಚಿಮದ ಅಂಚಿನದು. ನಾವು ಅಹಮದಾಬಾದಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಬೋಪಾಲ್ ಎಂದರೆ ಹೊಲ. ಈಗ ಎತ್ತ ನೋಡಿದರೂ ಹತ್ತು ಹನ್ನೆರಡು ಮಹಡಿ. ಮೈದುನನ ಮೊಮ್ಮಗಳ ಮದುವೆಗೆಂದು ಉಡುಪಿಯಿಂದ ಬಂದಿದ್ದವಳು ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ನಮ್ಮ ಹೋಟೆಲಿನ ಹಳೆಯ ಗಿರಾಕಿ ದೇಸಾಯರನ್ನು ನೋಡಲು ಹೊರಟಿದ್ದೆ. ಆ ಮಹಡಿಯಲ್ಲಿ ನಾಲ್ಕು ಬಾಗಿಲುಗಳಿದ್ದವು. ಯಾವ ಬಾಗಿಲಿನ ಮೇಲೆ ಯಾರ ಹೆಸರಿದೆ ಎಂದು ನಾನು ಓದಲೇ ಇಲ್ಲ, ಮೂಗು ಹೇಳಿದ ಬಾಗಿಲಿನ ಗಂಟೆ ಒತ್ತಿದೆ. ಹಿಟ್ಟಿನ ವಿಷಯದಲ್ಲಿ ನನ್ನ ಮೂಗು ಯಾವತ್ತೂ ತಪ್ಪಿಲ್ಲ. ತಪ್ಪಿದ್ದು ಒಮ್ಮೆ ನಾಲಿಗೆ, ಅದೂ ಮಾತಾಡಿ ಅಲ್ಲ, ಸುಮ್ಮನಿದ್ದು. ಆ ಬೇಸಿಗೆಯ ಕಥೆಯನ್ನೇ ಈಗ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಆಶ್ರಮ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಹೋಟೆಲು. ಮುಂದೆ ಹನ್ನೆರಡು ಮೇಜು, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲಿನ ಜಗಲಿ. ಜಗಲಿಯಲ್ಲಿ ನಿಂತರೆ ಸಾಬರಮತಿ ಕಾಣುತ್ತಿತ್ತು. ಅಂದರೆ ಮರಳು ಕಾಣುತ್ತಿತ್ತು. ನೀರು ಮಳೆಗಾಲದ ನೆಂಟ. ಬೇಸಿಗೆಯಲ್ಲಿ ಆ ಮರಳಿನ ಮೇಲೆ ಕರಬೂಜದ ಬಳ್ಳಿ ಹಬ್ಬಿಸುತ್ತಿದ್ದರು, ಸೀರೆಗಳನ್ನು ಒಣಹಾಕುತ್ತಿದ್ದರು. ಸಮುದ್ರ ನೋಡಿ ಬೆಳೆದ ನನಗೆ ಮೊದಲ ವರ್ಷ ಆ ಹೊಳೆಯನ್ನು ನೋಡಿದರೆ ಅಳು ಬರುತ್ತಿತ್ತು. ಮೊನ್ನೆ ಹೋಗಿ ನೋಡಿದೆ. ಎರಡೂ ದಡಕ್ಕೆ ಕಾಂಕ್ರೀಟು, ನಡುವೆ ತುಂಬಿ ನಿಂತ ನೀರು. ಚೆಂದವೇನೋ ಇದೆ. ಆದರೆ ನನಗೆ ಆ ಒಣ ಮರಳೇ ಬೇಕು ಅನ್ನಿಸಿತು.

ನನ್ನ ಯಜಮಾನರು, ಎಲ್ಲರ ಬಾಯಲ್ಲಿ ಭಟ್ಟರು, ಹಣ ಎಣಿಸುವ ಗಲ್ಲೆಯಲ್ಲಿ ಕೂರುತ್ತಿದ್ದರು. ಹಿಟ್ಟು ನನ್ನ ಪಾಲು. ಅಹಮದಾಬಾದಿನಲ್ಲಿ ಇಡ್ಲಿ ಮಾಡುವವರಿಗೆ ಅಡಿಗೆಗಿಂತ ಮೊದಲು ಹವೆ ಗೊತ್ತಿರಬೇಕು. ಜನವರಿಯಲ್ಲಿ ಹಿಟ್ಟು ಹೊದ್ದು ಮಲಗಿದವರ ಹಾಗೆ ಏಳುವುದೇ ಇಲ್ಲ. ಮೇ ತಿಂಗಳಲ್ಲಿ ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಹುಳಿ. ಇದಕ್ಕೆ ನಮ್ಮ ಅತ್ತೆ ಒಂದು ಕ್ರಮ ಮಾಡಿಟ್ಟಿದ್ದರು. ಬೆಳಿಗ್ಗೆ ಐದೂವರೆಗೆ ಕಡೆದ, ಅಂದರೆ ರುಬ್ಬಿದ, ಹಿಟ್ಟನ್ನು ದೊಡ್ಡ ಪಾತ್ರೆಗೆ ಹಾಕುವುದು. ಪಾತ್ರೆಯ ಒಳಮೈಯಲ್ಲಿ ಮೊಳೆಯಿಂದ ಗೀರಿದ ಒಂದು ಗೆರೆ ಇತ್ತು. ಹಿಟ್ಟು ಉಬ್ಬಿ ಆ ಗೆರೆ ಮುಟ್ಟಿದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು. ಹೋದ ವರ್ಷ ಇದೇ ವಾರ ಎಷ್ಟು ಹೊತ್ತು ಹಿಡಿದಿತ್ತು ಎಂದು ನೋಡಿಕೊಂಡರೆ ಈ ವರ್ಷ ನೀರೆಷ್ಟು, ಉಪ್ಪು ಯಾವಾಗ ಎಂದು ತಿಳಿಯುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ನಾನು ಬರೆಯುತ್ತಾ ಬಂದೆ. ಇಬ್ಬರದೂ ಸೇರಿ ಹನ್ನೊಂದು ವರ್ಷದ ಪುಸ್ತಕ, ಹಿಟ್ಟಿನ ಕಲೆ, ಎಣ್ಣೆಯ ಕಲೆ ಎಲ್ಲ ಸೇರಿ ದಪ್ಪಗಾಗಿತ್ತು.

ಭಾನುವಾರ ಎಂಟು ಗಂಟೆಗೆ ಕಿಟಕಿ ಪಕ್ಕದ ಮೇಜು ಇಬ್ಬರದು. ದೇಸಾಯರು ಧಾರವಾಡದವರು, ಚಾಂದ್‌ಖೇಡಾದ ಎಣ್ಣೆ ಕಂಪನಿಯಲ್ಲಿ ಇಂಜಿನಿಯರು. ನೆಲದಡಿಯ ಎಣ್ಣೆ, ಗ್ಯಾಸು ಹುಡುಕಿ ತೆಗೆಯುವುದು ಅವರ ಕೆಲಸ. ಶ್ರೀಕಂಠಯ್ಯನವರು ಮೈಸೂರಿನವರು, ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಗಾಳಿಯಲ್ಲಿ ಏನೇನು ಹೊಗೆ ಸೇರಿದೆ ಎಂದು ಅಳೆಯುವುದು ಅವರ ಕೆಲಸ. ಒಬ್ಬರು ಕೆಳಗಿಂದ ತೆಗೆಯುವುದು, ಇನ್ನೊಬ್ಬರು ಅದು ಸುಟ್ಟು ಮೇಲೆ ಹೋದದ್ದನ್ನು ಹಿಡಿದು ನೋಡುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆದರೂ ಬ್ರಹ್ಮಚಾರಿಗಳಾಗಿ ಆ ಊರಿಗೆ ಬಂದು ಒಂದೇ ಕೋಣೆಯಲ್ಲಿ ಎರಡು ವರ್ಷ ಇದ್ದವರು. ಮದುವೆ, ಮಕ್ಕಳು ಎಲ್ಲ ಆದ ಮೇಲೂ ಭಾನುವಾರದ ಇಡ್ಲಿ ಮಾತ್ರ ಬಿಟ್ಟಿರಲಿಲ್ಲ.

ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ಆಗಷ್ಟೇ ಪೇಪರಿನ ಒಳಪುಟಗಳಲ್ಲಿ ಬರಲು ಶುರುವಾಗಿತ್ತು. ನಮ್ಮ ಹೋಟೆಲಿನಲ್ಲಿ ಅದು ಮುಖಪುಟ. ಒಂದು ಭಾನುವಾರ ದೇಸಾಯರು ಜೇಬಿನಿಂದ ಒಂದು ಕಲ್ಲು ತೆಗೆದು ಚಟ್ನಿಯ ಬಟ್ಟಲಿನ ಪಕ್ಕ ಇಟ್ಟರು.

“ಲೇ ಶ್ರೀಕಂಠ, ನೋಡಿದನ್ನ. ಎಣ್ಣಿ ಬಾವಿ ಕೊರಿಯುವಾಗ ಬಂದ ಕಲ್ಲು. ಇದರಾಗ ಚಿಪ್ಪು ಅದ. ಈ ಗುಜರಾತದ ನೆಲಾ ಒಂದ ಕಾಲಕ್ಕ ಸಮುದ್ರ ಇತ್ತು. ಸಮುದ್ರ ಬಂತು, ಹೋತು. ಬಿಸಿ ಬಂತು, ಹೋತು. ಆವಾಗ ಯಾರ ಸ್ಕೂಟರ್ ಹೊಡೀತಿದ್ರು?”

ಶ್ರೀಕಂಠಯ್ಯನವರು ಕಲ್ಲನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. “ಬಂದು ಹೋಗೋಕೆ ಲಕ್ಷಾಂತರ ವರ್ಷ ತಗೊಂಡಿತು ಕಣಯ್ಯ. ನಾವು ಅದನ್ನ ಅಜ್ಜನಿಂದ ಮೊಮ್ಮಗನ ಹೊತ್ತಿಗೆ ಮುಗಿಸ್ತಾ ಇದೀವಿ. ಜ್ವರ ನಿಧಾನಕ್ಕೆ ಏರಿದ್ರೆ ಮೈ ತಡಕೊಳ್ಳುತ್ತೆ. ಒಮ್ಮೆಲೇ ಏರಿದ್ರೆ?”

“ನಮ್ಮವ್ವ ಕಟಗಿ ಒಲಿ ಊದಿ ಊದಿ, ಕೆಮ್ಮಿ ಕೆಮ್ಮಿ ಸತ್ಲು. ಅಂಥಾ ಒಲಿ ಮುಂದ ಕೂತ ಹೆಣ್ಣಮಕ್ಕಳಿಗೆ ಮೊದಲ ಗ್ಯಾಸ್ ಮುಟ್ಲಿ. ಭೂಮಿ ಜ್ವರಾ ಆಮ್ಯಾಲೆ ನೋಡೂಣು.”

“ಅವರಿಗೆ ಗ್ಯಾಸ್ ಬೇಡ ಅಂದೋರು ಯಾರು? ಜ್ವರ ಇಲ್ಲ ಅನ್ನಬೇಡ ಅಂತ ಅಷ್ಟೇ ನಾನು ಹೇಳ್ತಿರೋದು.”

“ಇಲ್ಲ ಅಂತ ನಾ ಎಲ್ಲಿ ಅಂದೆ? ನೀ ಅಂಜಿಸಿದಷ್ಟು ಇಲ್ಲ ಅಂತೇನಿ.”

ಭಟ್ಟರು ಗಲ್ಲೆಯಿಂದಲೇ, “ಇಬ್ಬರದ್ದೂ ಸರಿಯೇ ಉಂಟು ಮಾರಾಯ್ರೆ. ಇನ್ನೊಂದು ಕಾಫಿ ತರ್ಲಿಕ್ಕೆ ಹೇಳುದಾ?” ಎನ್ನುತ್ತಿದ್ದರು. ನಮ್ಮ ಮನೆಯವರದು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪವೇ.

ಅಂಥದೊಂದು ಭಾನುವಾರ, ಫೆಬ್ರವರಿ ಇರಬೇಕು, ನಾನು ಸುಮ್ಮನಿರಲಾರದೆ ಹೇಳಿದೆ. “ಬಿಸಿ ಹೆಚ್ಚಾಗಿದ್ದು ನನ್ನ ಹಿಟ್ಟಿಗೆ ಗೊತ್ತುಂಟು. ಮೊದಲು ಮೇ ತಿಂಗಳಲ್ಲಿ ಐದು ಗಂಟೆ ಹಿಡೀತಿತ್ತು. ಈಗ ಮೂರೂವರೆ ಗಂಟೆಯೊಳಗೆಲ್ಲ ಗೆರೆ ಮುಟ್ತದೆ. ಪುಸ್ತಕ ಉಂಟು, ಬೇಕಾದ್ರೆ ನೋಡಿ.”

ಶ್ರೀಕಂಠಯ್ಯನವರು ಕೈ ತೊಳೆದುಕೊಂಡು ಬಂದು ಪುಸ್ತಕ ತೆಗೆದುಕೊಂಡರು. ಇಡ್ಲಿ ಆರಿತು, ಕಾಫಿ ಕೆನೆಗಟ್ಟಿತು, ಅವರು ಪುಟ ತಿರುವುತ್ತಲೇ ಇದ್ದರು. “ವಾರಿಜಮ್ಮ, ಇದನ್ನ ಒಂದು ವಾರ ಕೊಡ್ತೀರಾ?” ಎಂದು ಕೇಳಿದಾಗ ಅವರ ಧ್ವನಿ ದೇವರ ಪ್ರಸಾದ ಕೇಳುವವರ ಹಾಗಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಪುಸ್ತಕ ಒಬ್ಬ ವಿಜ್ಞಾನಿಯ ಚೀಲದಲ್ಲಿ ಹೋಯಿತು. ಆ ದಿನ ನಾನು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮುಂದಿನ ವಾರ ಅವರು ಪುಸ್ತಕದ ಜೊತೆ ಒಂದು ಗ್ರಾಫ್ ಕಾಗದ ತಂದರು. “ನೋಡಿ, ಈ ಮೂರು ವರ್ಷದಲ್ಲಿ ಎಷ್ಟು ಇಳಿದಿದೆ! ಬಿಸಿ ಏರಿದ ಹಾಗೆ ಹಿಟ್ಟಿನ ಹೊತ್ತು ಇಳಿದಿದೆ. ನಾನು ಗ್ಯಾಸಿನ ಅಂಕಿ ತೋರಿಸಿದ್ರೆ ಜನ ನಿದ್ದೆ ಮಾಡ್ತಾರೆ. ಇಡ್ಲಿ ಹಿಟ್ಟು ಅಂದ್ರೆ ಎದ್ದು ಕೂರ್ತಾರೆ.” ಅಹಮದಾಬಾದಿನ ಕನ್ನಡ ಸಂಘದವರು ಯುಗಾದಿ ಕಾರ್ಯಕ್ರಮಕ್ಕೆ ಚರ್ಚೆಯೊಂದನ್ನು ಇಟ್ಟಿದ್ದರು: ಭೂಮಿಯ ಬಿಸಿಗೆ ನಾವು ಎಷ್ಟು ಹೆದರಬೇಕು? ತುಂಬ ಹೆದರಬೇಕು ಎನ್ನಲು ಶ್ರೀಕಂಠಯ್ಯನವರು, ಅಷ್ಟೇನೂ ಬೇಡ ಎನ್ನಲು ದೇಸಾಯರು. ಯುಗಾದಿಗೆ ಹಾಲ್ ಸಿಗದೆ ಕಾರ್ಯಕ್ರಮ ಮೇ ತಿಂಗಳಿಗೆ ಹೋಯಿತು. ಬೇವು ಬೆಲ್ಲ ಹಂಚುವ ಹೊತ್ತಿಗೆ ಮಾವಿನ ರಸದ ಕಾಲ.

ದೇಸಾಯರು ಆ ಗ್ರಾಫನ್ನು ನೋಡಿ ಏನೂ ಹೇಳಲಿಲ್ಲ. ಕಲ್ಲನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದರು. ಅವರು ಸುಮ್ಮನಿದ್ದದ್ದು ನನಗೆ ಆಗ ಸೋಲಿನ ಹಾಗೆ ಕಂಡಿತು.

ಚರ್ಚೆಗೆ ಹತ್ತು ದಿನ ಇತ್ತು. ಒಂದು ಬೆಳಿಗ್ಗೆ ಕಡೆದು ಮುಗಿಸಿ, ಪಾತ್ರೆ ಇಟ್ಟು, ಕೈ ತೊಳೆಯುವಷ್ಟರಲ್ಲಿ ಕರೆಂಟು ಹೋಯಿತು. ಗಂಟೆ ಎಂಟಾಯಿತು, ಒಂಬತ್ತಾಯಿತು. ಎಂದಿನ ಹಾಗೆ ಒಂಬತ್ತಕ್ಕೆ ಹೋಗಿ ನೋಡಿದರೆ ಹಿಟ್ಟು ಗೆರೆಯಿಂದ ಮೂರು ಬೆರಳು ಕೆಳಗಿದೆ. ಹತ್ತಕ್ಕೂ ಮುಟ್ಟಲಿಲ್ಲ. ಹೊರಗೆ ಮರಳು ಕಾದು ಹೊಳೆಯುತ್ತಿದೆ, ನನ್ನ ಬೆನ್ನು ಬೆವರಿನಲ್ಲಿ ತೊಯ್ದಿದೆ, ಹಿಟ್ಟು ಮಾತ್ರ ಹಳೆಯ ಕಾಲದ ಹಾಗೆ ನಿಧಾನ. ಉದ್ದು ಕೆಟ್ಟದ್ದೇ? ನೀರು ಹೆಚ್ಚಾಯಿತೇ? ಹತ್ತೂವರೆಗೆ ಗೆರೆ ಮುಟ್ಟಿತು. ಸರಿಯಾಗಿ ಐದು ಗಂಟೆ. ಅದೇ ಹೊತ್ತಿಗೆ ಕರೆಂಟು ಬಂತು. ಪಕ್ಕದ ದೊಡ್ಡ ಫ್ರಿಜ್ಜು ಗುರ್ರೆಂದು ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಅದರ ಹಿಂಬದಿಯಿಂದ ಬಿಸಿ ಗಾಳಿ ನನ್ನ ಕಾಲಿಗೆ ತಾಗಿತು. ಪಾತ್ರೆ ಅಲ್ಲೇ ಇತ್ತು.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಆ ಫ್ರಿಜ್ಜು ತಂದದ್ದು. ಹೊರಿಸಿ ಒಳಗಿಡಿಸಿದವರು ದೇಸಾಯರು. ಅದಕ್ಕಿಂತ ಮೊದಲು ಪಾತ್ರೆ ಇರುತ್ತಿದ್ದದ್ದು ಹಿತ್ತಲಿನ ಜಗಲಿಯಲ್ಲಿ. ಆ ಚಳಿಗೆ ಹಿಟ್ಟು ಏಳುವುದೇ ಇಲ್ಲ ಎಂದು ನಾನು ಗೊಣಗಿದಾಗ ಅವರೇ, “ಫ್ರಿಜ್ಜಿನ ಹಿಂದ ಇಡ್ರಿ ಅಕ್ಕಾರ. ಒಳಗ ತಂಪು ಮಾಡಿದ್ದರ ಬಿಸಿ ಅದು ಹಿಂದ ಬಿಡ್ತದ. ಪುಕ್ಕಟೆ ಬಿಸಿ!” ಎಂದಿದ್ದರು. ಇಟ್ಟೆ. ಹಿಟ್ಟು ಎದ್ದಿತು. ಬೇಸಿಗೆ ಬಂದಾಗ ಜಗಲಿಯಲ್ಲಿ ಸಿಲಿಂಡರುಗಳು ಕೂತಿದ್ದವು, ಪಾತ್ರೆ ಹಿಂದಕ್ಕೆ ಹೋಗಲೇ ಇಲ್ಲ. ಪುಸ್ತಕದಲ್ಲಿ ಹೊತ್ತು ಬರೆದೆನೇ ಹೊರತು ಜಾಗ ಬರೆದಿರಲಿಲ್ಲ.

ಅಂದರೆ ನನ್ನ ಪುಸ್ತಕ ಅಳೆದದ್ದು ಭೂಮಿಯ ಬಿಸಿಯನ್ನಲ್ಲ, ಫ್ರಿಜ್ಜಿನ ಬೆನ್ನನ್ನು.

ಅವತ್ತೇ ಹೇಳಬೇಕಿತ್ತು. ಫೋನು ಗಲ್ಲೆಯ ಮೇಲೇ ಇತ್ತು. ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಈಗಲೂ ನಾಚಿಕೆಯಾಗುತ್ತದೆ. ಆಮಂತ್ರಣದ ಹಾಳೆಯಲ್ಲಿ ನನ್ನ ಹೆಸರಿತ್ತು, ‘ಶ್ರೀಮತಿ ವಾರಿಜಾ ಭಟ್ ಅವರ ಹನ್ನೊಂದು ವರ್ಷಗಳ ದಾಖಲೆಯೊಂದಿಗೆ’ ಎಂದು. ಸುರತ್ತಿನಲ್ಲಿ ಹೋಟೆಲಿಟ್ಟಿದ್ದ ಮೈದುನನಿಗೂ ಒಂದು ಹಾಳೆ ಕಳಿಸಿದ್ದೆ. ಮೌನ ಬಂಗಾರ ಎಂದು ಗಾದೆ ಮಾಡಿದವರು ಇಂಥ ಮೌನವನ್ನು ನೋಡಿರಲಿಕ್ಕಿಲ್ಲ. ಆ ದಿನದ ಸಾಲನ್ನು ಪುಸ್ತಕದಲ್ಲಿ ಖಾಲಿ ಬಿಟ್ಟೆ. ಹನ್ನೊಂದು ವರ್ಷದಲ್ಲಿ ಅದೊಂದೇ ಖಾಲಿ ಸಾಲು.

ಒಂದು ಶಾಲೆಯ ಸಭಾಂಗಣದಲ್ಲಿ ಸಂಜೆ ಆರಕ್ಕೆ ಕಾರ್ಯಕ್ರಮ. ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ದೇಸಾಯರು ಮೊದಲು ಮಾತಾಡಿದರು. ಅವ್ವನ ಒಲೆಯ ಕಥೆ ಹೇಳಿದಾಗ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಆಮೇಲೆ ಶ್ರೀಕಂಠಯ್ಯನವರು. ಹತ್ತು ನಿಮಿಷ ಗಾಳಿ, ಹೊಗೆ, ಹಿಮ ಎಂದು ಹೇಳಿ, ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದ್ದನ್ನು ನೋಡಿ, ನನ್ನ ಪುಸ್ತಕವನ್ನು ಎತ್ತಿ ಹಿಡಿದರು. ಸಭೆ ಎದ್ದು ಕೂತಿತು. ಅವರು ಹೇಳಿದ ಹಾಗೇ ಆಯಿತು. ಅವರ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ. ಬಹಳ ವರ್ಷ ಯಾರೂ ಕೇಳದ ಮಾತನ್ನು ಕೊನೆಗೂ ಕೇಳಿಸಿಕೊಂಡರಲ್ಲ ಎಂಬ ಸಂತೋಷ ಅದು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ದೇಸಾಯರು ಎದ್ದರು. “ಶ್ರೀಕಂಠಗ ನಂದೇನೂ ಪ್ರಶ್ನೆ ಇಲ್ಲ. ವಾರಿಜಕ್ಕಾರಿಗೆ ಒಂದ ಅದ. ಅಕ್ಕಾರ, ಹಿಟ್ಟಿನ ಪಾತ್ರಿ ಎಲ್ಲಿ ಇಡ್ತೀರಿ?”

ಇನ್ನೂರು ಮುಖ ನನ್ನ ಕಡೆ ತಿರುಗಿದವು. ಸುಳ್ಳು ಹೇಳಲು ಬರಲಿಲ್ಲ. “ಫ್ರಿಜ್ಜಿನ ಹಿಂದೆ,” ಎಂದೆ.

“ಎಷ್ಟ ವರ್ಷದಿಂದ?”

“ಮೂರು.”

ಮೊದಲು ಮುಂದಿನ ಸಾಲಿನವರು ನಕ್ಕರು, ಆಮೇಲೆ ಎಲ್ಲರೂ. “ಭೂಮಿ ಅಲ್ಲ ಸ್ವಾಮಿ, ಫ್ರಿಜ್ಜು!” ಎಂದು ಯಾರೋ ಕೂಗಿದರು. ಶ್ರೀಕಂಠಯ್ಯನವರು ನಗು ನಿಲ್ಲುವ ತನಕ ಕಾದರು. “ಹಾಗಾದ್ರೆ ಈ ಪುಸ್ತಕ ಸಾಕ್ಷಿ ಆಗಲ್ಲ. ಇದನ್ನ ವಾಪಸ್ ತಗೋತೀನಿ. ಮಿಕ್ಕಿದ್ದನ್ನ ವಾಪಸ್ ತಗೊಳ್ಳಲ್ಲ,” ಎಂದರು. ಮಿಕ್ಕಿದ್ದು ಯಾರಿಗೆ ಬೇಕಿತ್ತು? ಜನ ಆಗಲೇ ಮಾವಿನ ಆಮರಸದ ಕಡೆ ಏಳುತ್ತಿದ್ದರು.

ಗೇಟಿನ ಹತ್ತಿರ ನಾವು ನಾಲ್ವರೇ ನಿಂತಿದ್ದೆವು. ಶ್ರೀಕಂಠಯ್ಯನವರು ಮೆಲ್ಲಗೆ ಕೇಳಿದರು. “ನಿನಗೆ ಮೊದಲೇ ಗೊತ್ತಿತ್ತೇನೋ?”

“ಗೊತ್ತಿತ್ತು,” ಎಂದರು ದೇಸಾಯರು. “ಫೆಬ್ರವರಿಯಿಂದ.”

“ಭಾನುವಾರ ಹೇಳಬಹುದಿತ್ತಲ್ಲೋ. ಇಡ್ಲಿ ತಿನ್ನುವಾಗ.”

ದೇಸಾಯರು ಜೇಬಿಗೆ ಕೈ ಹಾಕಿ ನೆಲ ನೋಡಿದರು. ಶ್ರೀಕಂಠಯ್ಯನವರು ಸ್ಕೂಟರ್ ಒದ್ದು ಹೊರಟರು.

ಮುಂದಿನ ಭಾನುವಾರ ದೇಸಾಯರು ಒಬ್ಬರೇ ಬಂದರು. ಎರಡು ಇಡ್ಲಿಯಲ್ಲಿ ಒಂದನ್ನು ಬಿಟ್ಟರು. ಅದರ ಮುಂದಿನ ವಾರವೂ ಒಬ್ಬರೇ. ಗೆದ್ದವರ ಮುಖ ಹಾಗಿರುವುದನ್ನು ನಾನು ನೋಡಿರಲಿಲ್ಲ. ಭಟ್ಟರಿಗೂ ಆ ದಿನಗಳಲ್ಲಿ ಇಬ್ಬರದೂ ಸರಿ ಎನ್ನಲು ಬಾಯಿ ಬರಲಿಲ್ಲ. ನನಗಂತೂ ಒಳಗೊಳಗೇ ಬೇಯುತ್ತಿತ್ತು. ದೇಸಾಯರ ಮೇಲೆ ಸಿಟ್ಟು ಮಾಡೋಣವೆಂದರೆ ನನ್ನ ಖಾಲಿ ಸಾಲು ಅಡ್ಡ ಬರುತ್ತಿತ್ತು.

ಮೂರನೆಯ ವಾರ ಡಬ್ಬಿಯಲ್ಲಿ ಇಡ್ಲಿ ಹಾಕಿಕೊಂಡು ನವರಂಗಪುರದ ಶ್ರೀಕಂಠಯ್ಯನವರ ಕ್ವಾರ್ಟರ್ಸಿಗೆ ಹೋದೆ. ಎಲ್ಲ ಹೇಳಿಬಿಟ್ಟೆ: ಕರೆಂಟು ಹೋದದ್ದು, ಹತ್ತು ದಿನ ಬಾಯಿ ಮುಚ್ಚಿಕೊಂಡದ್ದು, ಹೆಸರಿನ ಆಸೆ. ಅವರು ಡಬ್ಬಿಯ ಮುಚ್ಚಳವನ್ನೇ ನೋಡುತ್ತಾ ಕೇಳಿಸಿಕೊಂಡರು.

“ಕಾರ್ಯಕ್ರಮದ ಹಿಂದಿನ ದಿನ ಕೊನೇ ಪುಟ ನಕಲು ಮಾಡ್ಕೊಳ್ಳುವಾಗ ಆ ಖಾಲಿ ಸಾಲು ನೋಡಿದೆ ವಾರಿಜಮ್ಮ. ಯಾಕೆ ಖಾಲಿ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಪಾತ್ರೆ ಎಲ್ಲಿದೆ ಅಂತ ಕೇಳೋದು ನಮ್ಮ ಕೆಲಸದ ಮೊದಲ ಪಾಠ. ಅದನ್ನೂ ಕೇಳಲಿಲ್ಲ. ಅದು ನಿಜ ಆಗಿರಲಿ ಅಂತ ನನಗೂ ಆಸೆ ಇತ್ತು.” ಡಬ್ಬಿಯ ಮುಚ್ಚಳ ತೆಗೆದರು. “ನಿಮ್ಮ ಪುಸ್ತಕ ತಪ್ಪಾದ್ರೆ ಭೂಮಿ ತಣ್ಣಗಾಗಲ್ಲ. ಆದ್ರೆ ಇನ್ನು ನಾನು ಏನು ಹೇಳಿದ್ರೂ ಈ ಊರಿನವರು ಫ್ರಿಜ್ಜು ನೆನೆಸ್ಕೊಂಡು ನಗ್ತಾರೆ. ನನಗೆ ನೋವಾಗೋದು ಅದು. ಅವನಿಗೆ ಅದು ಗೊತ್ತಿತ್ತು.”

ಆಮೇಲೆ ಎದ್ದು ಹೋಗಿ ಒಂದು ಹೊಸ ಪುಸ್ತಕ ಮತ್ತು ಒಂದು ಥರ್ಮಾಮೀಟರ್ ತಂದರು. ಪುಸ್ತಕಕ್ಕೆ ಅವರೇ ಗೆರೆ ಎಳೆದಿದ್ದರು: ತಾರೀಕು, ಆಕಾಶ, ಉಷ್ಣತೆ, ಕಡೆದ ಹೊತ್ತು, ಗೆರೆ ಮುಟ್ಟಿದ ಹೊತ್ತು, ಜಾಗ, ಷರಾ. “ಪಾತ್ರೇನ ಮತ್ತೆ ಜಗಲಿಗೆ ತನ್ನಿ. ನೆರಳಲ್ಲಿ, ಉತ್ತರದ ಕಡೆ. ಹೊಸದಾಗಿ ಬರೀರಿ. ಹತ್ತಿಪ್ಪತ್ತು ವರ್ಷ ಆದ್ಮೇಲೆ ಏನಾದ್ರೂ ಹೇಳಬಹುದು.”

“ನೀವು ಬಂದು ನೋಡುದಿಲ್ಲವಾ?” ಎಂದೆ.

“ನನಗೆ ದಕ್ಷಿಣದ ಕಡೆ ಕೆಲಸ ಸಿಕ್ಕಿದೆ. ಮಳೆ ಶುರುವಾಗೋದ್ರೊಳಗೆ ಹೋಗ್ತೀವಿ.”

ಹೋದರು. ಅವರು ಹೋದ ವಾರವೇ ಮೊದಲ ಮಳೆ ಬಂತು. ಸಾಬರಮತಿಯ ಮರಳಿನ ಮೇಲೆ ಕೆಂಪು ನೀರಿನ ಒಂದು ಎಳೆ ಹರಿದು ಬಂದು ಕರಬೂಜದ ಒಣಬಳ್ಳಿಗಳನ್ನು ಎತ್ತಿಕೊಂಡು ಹೋಯಿತು. ನಾನು ಸಿಲಿಂಡರುಗಳನ್ನು ಒಳಗಿಡಿಸಿ ಪಾತ್ರೆಯನ್ನು ಜಗಲಿಗೆ ತಂದೆ. ಭಾನುವಾರ ದೇಸಾಯರು ಬಂದವರು ಮೇಜಿಗೆ ಹೋಗದೆ ನೇರ ಹಿತ್ತಲಿಗೆ ಬಂದರು. ಗೋಡೆಯ ಮೇಲಿನ ಥರ್ಮಾಮೀಟರ್ ನೋಡಿದರು. ಹೊಸ ಪುಸ್ತಕದ ಮೊದಲ ಪುಟದಲ್ಲಿ ಗೆಳೆಯನ ಅಕ್ಷರ ನೋಡಿದರು.

“ಭಾನುವಾರದ್ದು ನಾ ಬರೀತೇನಿ,” ಎಂದರು.

“ನಿಮಗೆ ಇದರಲ್ಲಿ ನಂಬಿಕೆಯೇ ಇಲ್ಲವಲ್ಲ?”

“ನಂಬಿಕಿ ಬ್ಯಾರೆ, ಅಳತಿ ಬ್ಯಾರೆ. ಅಳತಿ ಸುಳ್ಳ ಆಗಬಾರದು.” ಪೆನ್ನಿನ ಟೋಪಿ ತೆಗೆದವರು ಹಾಗೇ ನಿಂತರು. “ಅಕ್ಕಾರ, ಆ ಹಾಲ್‌ನ್ಯಾಗ ನಾ ಅವನ ಮಾತ ಸೋಲಸಬೇಕಂತ ಹೋದೆ. ಅವನನ್ನ ನಗಸಿಬಿಟ್ಟೆ.”

ಅವರ ಮಾತಿನಲ್ಲಿ ನಗಿಸುವುದು ಎಂದರೆ ಜನರ ಮುಂದೆ ನಗೆಪಾಟಲು ಮಾಡುವುದು. ಪತ್ರ ಬರೆಯಿರಿ ಎಂದು ಎಷ್ಟೋ ಸಲ ಆಮೇಲೆ ಹೇಳಿದೆ. ಬರೆಯಲಿಲ್ಲ. ಇನ್ನೊಂದೆರಡು ವರ್ಷಕ್ಕೆ ಭಟ್ಟರಿಗೆ ಮಂಡಿ ನೋವು ಹೆಚ್ಚಾಗಿ ಹೋಟೆಲು ಕೊಟ್ಟು ಊರಿಗೆ ಹೊರಟೆವು. ಪುಸ್ತಕ, ಥರ್ಮಾಮೀಟರ್, ಗೆರೆ ಗೀರಿದ ಪಾತ್ರೆ ಮೂರನ್ನೂ ದೇಸಾಯರ ಸ್ಕೂಟರಿಗೆ ಕಟ್ಟಿ ಕಳಿಸಿದೆ. ಶ್ರೀಕಂಠಯ್ಯನವರು ನಿವೃತ್ತರಾಗಿ ಮೈಸೂರು ಸೇರಿದರು. ಪ್ರತಿ ಯುಗಾದಿಗೆ ನಾನು ಫೋನು ಮಾಡುತ್ತೇನೆ. ಭಟ್ಟರು ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ. ಎಲ್ಲ ಮಾತಾದ ಮೇಲೆ ಫೋನು ಇಡುವ ಮುನ್ನ ಅವರು ಒಂದು ಮಾತು ಕೇಳುತ್ತಾರೆ, ಹೆಸರು ಹೇಳದೆ: “ಅವನು ಹೇಗಿದ್ದಾನಂತೆ?”

ಅಂದು ಬೋಪಾಲಿನಲ್ಲಿ ಬಾಗಿಲು ತೆರೆದದ್ದು ದೇಸಾಯರ ಮೊಮ್ಮಗಳು. “ಆವೋ, ಆವೋ,” ಎಂದು ಗುಜರಾತಿಯಲ್ಲೇ ಒಳಗೆ ಕರೆದಳು. ದೇಸಾಯರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರ, ಸೊರಗಿದ್ದಾರೆ, ಕಿವಿ ಮಾತ್ರ ಚುರುಕು. ಪಕ್ಕದಲ್ಲಿ ನನ್ನ ಪಾತ್ರೆ! ಗೋಡೆಯ ಮೇಲೆ ಅದೇ ಥರ್ಮಾಮೀಟರ್. ಅವರ ಹೆಂಡತಿ ತೀರಿಕೊಂಡು ಆರು ವರ್ಷ. ಶನಿವಾರ ತಾವೇ ಉದ್ದು ಅಕ್ಕಿ ನೆನೆಹಾಕಿ ಭಾನುವಾರ ಬೆಳಿಗ್ಗೆ ಮಿಕ್ಸಿಯಲ್ಲಿ ರುಬ್ಬುತ್ತಾರಂತೆ. ಪುಸ್ತಕಗಳು ಮೂರಾಗಿದ್ದವು.

“ಇವೂ ಸಾಕ್ಷಿ ಅಲ್ಲ ಬಿಡ್ರಿ,” ಎಂದರು. “ಜಾಗ ಎಷ್ಟ ಸಲ ಬದಲಾತು. ಆದರ ಬದಲಾದಾಗೆಲ್ಲ ಬರದೇನಿ.”

ನಾನು ಪುಟ ತಿರುವಿದೆ. ಜಾಗ ಎಂಬಲ್ಲಿ ಕೆಂಪು ಶಾಯಿ: ಚಾಂದ್‌ಖೇಡಾ. ಬರೋಡಾ. ಹಜೀರಾ ಕಾಲೊನಿ. ಮತ್ತೆ ಚಾಂದ್‌ಖೇಡಾ. ಬೋಪಾಲ್. ಷರಾ ಎಂಬಲ್ಲಿ ನಾವು ಹೋಟೆಲಿನಲ್ಲಿ ಏನೂ ಬರೆಯುತ್ತಿರಲಿಲ್ಲ. ಅಲ್ಲಿ ದೇಸಾಯರ ಸಣ್ಣ ಅಕ್ಷರ ತುಂಬಿತ್ತು. ‘ಇವತ್ತ ಮಳಿ. ನಿನ್ನ ಭೂಮಿ ತಣ್ಣಗದ, ಏನಂತಿ?’ ‘ಹಜೀರಾದಾಗ ಸಮುದ್ರದ ಗಾಳಿ. ಹಿಟ್ಟ ಲಗೂ ಏಳತದ. ಇದಕ್ಕ ನೀ ಏನ ಕಾರಣ ಕೊಡ್ತಿ?’ ‘ಪೇಪರಿನ್ಯಾಗ ನಿನ್ನ ಮಾತ ಹೇಳ್ಯಾರ. ನಿನ್ನ ಹೆಸರಿಲ್ಲ.’ ‘ಈ ಮೇ ಸಹಿಸಲಾರದ್ದು. ನೀ ಇದ್ದಿದ್ದರ ನಕ್ಕೊಂತಿದ್ದಿ.’ ಇಷ್ಟು ವರ್ಷದ ಭಾನುವಾರಗಳು, ಒಬ್ಬರೇ ಕೂತು ಇಬ್ಬರ ಜಗಳ ಆಡಿದ್ದಾರೆ. ನನಗೆ ಅಕ್ಷರ ಮಂಜಾಯಿತು.

“ಬಿಸಿ ಆಗೇದ, ಒಪ್ಪತೇನಿ,” ಎಂದರು ದೇಸಾಯರು. “ಎಷ್ಟ ಅಂಜಬೇಕು ಅನ್ನೂದರಾಗ ಇನ್ನೂ ಜಗಳ ಅದ. ಆದರ ಜಗಳಾಡ್ಲಿಕ್ಕೆ ಅವ ಬೇಕಲ್ಲ. ಅಕ್ಕಾರ, ನೀವು ಊರಿಗೆ ಹೋದಮ್ಯಾಲೆ ಈ ಪುಸ್ತಕ ಅವನ ಮನಿಗೆ ಕಳಸ್ರಿ. ಆದರ ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ. ಯೋಗ್ಯ ಹೊತ್ತ ನೋಡಿ ನೀವ ಹೇಳ್ರಿ.”

ಯೋಗ್ಯ ಹೊತ್ತು. ಹಿಂದೊಮ್ಮೆ ನಾವು ಮೂವರೂ ಅದನ್ನೇ ಕಾಯುತ್ತಾ ಕೂತಿದ್ದೆವು. ನಾನು ಹತ್ತು ದಿನ, ದೇಸಾಯರು ಮೂರು ತಿಂಗಳು, ಶ್ರೀಕಂಠಯ್ಯನವರು ಒಂದು ರಾತ್ರಿ.

ನಾನು ಚೀಲದಿಂದ ಫೋನು ತೆಗೆದು ಮೈಸೂರಿಗೆ ಮಾಡಿದೆ. ದೇಸಾಯರು “ಯಾರಿಗ್ರೀ?” ಎನ್ನುವಷ್ಟರಲ್ಲಿ ಆ ಕಡೆಯಿಂದ ಧ್ವನಿ ಬಂತು. “ವಾರಿಜಮ್ಮನಾ? ಯುಗಾದಿ ಇನ್ನೂ ಬಂದಿಲ್ಲವಲ್ಲ!”

“ದೇಸಾಯರ ಮನೆಯಲ್ಲಿದ್ದೇನೆ. ಅವರು ನಿಮ್ಮ ಪುಸ್ತಕ ಬರೀತಾನೇ ಇದ್ದಾರೆ, ಪ್ರತಿ ಭಾನುವಾರ. ನನ್ನ ಪಾತ್ರೆಯಲ್ಲೇ,” ಎಂದು ಒಂದೇ ಉಸಿರಿಗೆ ಹೇಳಿ, ಫೋನಿನ ಧ್ವನಿ ಜೋರು ಮಾಡಿ ದೇಸಾಯರ ಕೈಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ಕೆಳಗೆ ರಸ್ತೆಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು. ಸಂಪರ್ಕ ತಪ್ಪಿತೇನೋ ಎಂದುಕೊಳ್ಳುವಾಗ ಶ್ರೀಕಂಠಯ್ಯನವರ ಧ್ವನಿ, ಮುದಿಯಾದ, ಒಡೆದ ಧ್ವನಿ, ಕೇಳಿತು.

“ಪಾತ್ರೆ ಎಲ್ಲಿಟ್ಟಿದೀಯೋ ದೇಸಾಯಿ?”

ದೇಸಾಯರು ಕಣ್ಣೊರೆಸಿಕೊಳ್ಳಲಿಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ ನೆಟ್ಟಗೆ ಕೂತರು.

“ಬಾಲ್ಕನ್ಯಾಗ,” ಎಂದರು. “ನೆರಳಿನ್ಯಾಗ. ಉತ್ತರದ ಕಡೆ.”